ಮಂಡಿಗೆ ಹಚ್ಚಿದ ಬೆಣ್ಣೆ

ನಮ್ಮೂರಿನಲ್ಲಿ ಯಾರಾದರೂ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಹೋಗುವಾಗ ಕೈಯಲ್ಲಿ ಒಂದು ಬ್ರೆಡ್ಡು, ಇಲ್ಲವೇ ಎರಡು ಎಳನೀರು. ಕೂತ ಮೇಲೆ ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ. ಎಷ್ಟು ಹೊಲಿಗೆ ಹಾಕಿದರು? ಊಟ ಸೇರುತ್ತದಾ? ರಾತ್ರಿ ನಿದ್ದೆ ಬರುತ್ತದಾ? ಎಲ್ಲವನ್ನೂ ಕೇಳುತ್ತೇವೆ. ಮಂಚದ ಮೇಲೆ ಇವರ ಜೊತೆ ಇನ್ಯಾರು ಮಲಗಿದ್ದಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ನಾನು ಚೈತ್ರ, ಬೂಕನಕೆರೆಯ ಪಕ್ಕದ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಬಸುರಿಯರಿಗೆ, ಬಾಣಂತಿಯರಿಗೆ, ಶುಗರ್ ಇದ್ದೂ ಸಂತೆಯಲ್ಲಿ ಜಿಲೇಬಿ ಕಟ್ಟಿಸಿಕೊಳ್ಳುವವರಿಗೆ ಬುದ್ಧಿ ಹೇಳಿಕೊಂಡು ತಿರುಗುತ್ತಿದ್ದೇನೆ. ಊರಿಗೆಲ್ಲ ಬುದ್ಧಿ ಹೇಳುವವಳೇ ಒಂದು ದಿನ ಕಣ್ಣಿದ್ದೂ ಕುರುಡಿಯಾದೆ. ಈ ಕಥೆಯಲ್ಲಿ ನನ್ನ ತಪ್ಪೂ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಬೀದಿಯ ಪುಟ್ಟಲಕ್ಷ್ಮಮ್ಮನವರನ್ನು ನಾನು ದೊಡ್ಡವ್ವ ಎಂದೇ ಕರೆಯುವುದು. ಅವರಿಗೆ ಅರವತ್ತೆರಡು ವರ್ಷ, ಜೊತೆಗೆ ಶುಗರ್. ಮನೆಯಲ್ಲಿ ಗಂಡ ತಮ್ಮಯ್ಯ, ಸಕ್ಕರೆ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಮಗ ಕುಮಾರ್, ಸೊಸೆ ಶ್ವೇತ, ಎರಡು ಸೀಮೆಹಸು. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವುದು ದೊಡ್ಡವ್ವನದೇ ಕೆಲಸವಾಗಿತ್ತು. ಡೈರಿಯ ಸಾಲಿನಲ್ಲಿ ನಿಂತು ನಾಲ್ಕು ಮಾತಾಡಿ ಬಂದರೇ ಅವರಿಗೆ ತಿಂದದ್ದು ಅರಗುತ್ತಿದ್ದದ್ದು. ಎರಡು ವರ್ಷದ ಹಿಂದೆ ಬಲಗಾಲಿನ ಮಂಡಿ ಸವೆದು ಆ ನಡಿಗೆ ನಿಂತುಹೋಯಿತು. ಆಮೇಲೆ ಜಗಲಿಯೇ ಗತಿ. ದಾರಿಯಲ್ಲಿ ಹೋಗುವವರನ್ನೆಲ್ಲ ತಡೆದು "ಡೈರೀಲಿ ಏನಂತ್ರೇ ಇವತ್ತು?" ಎಂದು ಕೇಳುವುದು, ಅವರು ಹೋದ ಮೇಲೆ ಮಡಿಲಲ್ಲಿದ್ದ ಬೆಕ್ಕಿನ ತಲೆ ಸವರುವುದು.

ಆ ಬೆಕ್ಕಿನ ಹೆಸರು ಬೆಳ್ಳಿ. ಬಿಳಿ ಮೈ, ಕಿವಿಯ ಹತ್ತಿರ ಒಂದು ಬೂದು ಮಚ್ಚೆ. ಮನೆಯವರೆಲ್ಲ ಹೊಲ, ಕೊಟ್ಟಿಗೆ ಎಂದು ಹೋದಾಗ ದೊಡ್ಡವ್ವನ ಜೊತೆಗೆ ಉಳಿಯುತ್ತಿದ್ದದ್ದು ಅದೊಂದೇ.

ಕೊನೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮಂಡಿ ಆಪರೇಷನ್ ಆಯಿತು. ಸವೆದ ಮಂಡಿ ತೆಗೆದು ಲೋಹದ ಹೊಸ ಮಂಡಿ ಕೂರಿಸಿದರು. ಐದನೆಯ ದಿನ ಮನೆಗೆ ಕಳಿಸಿದರು. ಮಾರನೆಯ ದಿನ ನಾನು ನೋಡಲು ಹೋದೆ. ನಡುಮನೆಯಲ್ಲಿ ಮಂಚ ಹಾಕಿದ್ದರು. ದೊಡ್ಡವ್ವ ಕಾಲು ಚಾಚಿ ಮಲಗಿದ್ದರು. ಬೆಳ್ಳಿ ಆ ಹೊಸ ಮಂಡಿಗೇ ಒತ್ತಿಕೊಂಡು, ಕಣ್ಣು ಮುಚ್ಚಿ ಗುರುಗುಟ್ಟುತ್ತಿತ್ತು.

"ನೋಡಮ್ಮಿ ಚೈತ್ರ, ಬಿಸ್ನೀರ್ ಬ್ಯಾಗು ಗೀಗು ಏನೂ ಬ್ಯಾಡ. ಇವ್ಳೇ ಶಾಖ ಕೊಡ್ತಾವ್ಳೆ" ಎಂದು ದೊಡ್ಡವ್ವ ನಕ್ಕರು.

ನಾನೂ ನಕ್ಕೆ. ಶ್ವೇತ ಕೊಟ್ಟ ಕಾಫಿ ಕುಡಿದೆ. ಮಾತ್ರೆ ಸರಿಯಾಗಿ ತಗೊಳ್ಳಿ ಎಂದು ಹೇಳಿ, ಹೋಗುವಾಗ ಬೆಳ್ಳಿಯ ತಲೆಯನ್ನೂ ಒಂದು ಸಲ ಸವರಿ ಎದ್ದು ಬಂದೆ. ಆ ಕಾಫಿಯನ್ನು ನೆನೆದರೆ ಈಗಲೂ ನನಗೆ ಬಾಯಿ ಕಹಿಯಾಗುತ್ತದೆ.

ಆರು ದಿನ ಕಳೆಯಿತು. ಮಧ್ಯಾಹ್ನ ನಾನು ಅನ್ನಕ್ಕೆ ಇಟ್ಟಿದ್ದೆ. ಶ್ವೇತ ಚಪ್ಪಲಿಯೂ ಇಲ್ಲದೆ ಓಡಿ ಬಂದಳು.

"ಅಕ್ಕಾ, ನಮ್ಮತ್ತೆಗೆ ಮೈ ಕೆಂಡ ಆದಂಗೆ ಆಗ್ಬುಟ್ಟದೆ. ನಡುಕ ಬೇರೆ. ಕಾಲು ಮುಟ್ಟೋಕೂ ಬುಡ್ತಿಲ್ಲ."

"ಯಾವಾಗಿಂದ?"

"ನೆನ್ನೆ ಸಂಜೆಯಿಂದ. ಮಾವ ಏನೂ ಆಗಾಕಿಲ್ಲ ಬುಡು ಅಂದ್ರು."

ಒಲೆ ಆರಿಸಿ ಬ್ಯಾಗು ಎತ್ತಿಕೊಂಡು ಅವಳ ಹಿಂದೆಯೇ ಹೊರಟೆ. ನಡುಮನೆಯ ಬಾಗಿಲಲ್ಲೇ ತಮ್ಮಯ್ಯ ದೊಡ್ಡಪ್ಪ ಅಡ್ಡ ನಿಂತಿದ್ದರು.

"ಈ ಮಗ ನಿನ್ನೂ ಎದ್ರಿಸಿ ಕರ್ಕಂಡ್ ಬಂದ್ಬುಟ್ಳಾ? ಅಷ್ಟು ದೊಡ್ಡ ಆಪ್ರೇಸನ್ ಮಾಡವ್ರೆ, ಒಸಿ ಮೈ ಬೆಚ್ಚಗಾಗಾಕಿಲ್ವ? ಮೊನ್ನೆ ಬದ್ನೆಕಾಯಿ ಗೊಜ್ಜು ತಿಂದ್ಲು, ಅದು ನಂಜಾಗಿರ್ಬೇಕು."

"ಇರ್ಲಿ ದೊಡ್ಡಪ್ಪ, ಒಂದ್ಸಲ ನೋಡ್ಬುಡ್ತೀನಿ" ಎಂದು ಸೋಪು ಹಾಕಿ ಕೈ ತೊಳೆದುಕೊಂಡು ಒಳಗೆ ಹೋದೆ. ಜ್ವರ ನೂರ ಎರಡು ದಾಟಿತ್ತು. ದೊಡ್ಡವ್ವನ ತುಟಿ ಒಣಗಿತ್ತು. ಆಸ್ಪತ್ರೆಯವರು ಹಾಕಿದ್ದ ಬ್ಯಾಂಡೇಜು ಮಂಡಿಯ ಮೇಲೆ ಇರಲಿಲ್ಲ. ಅದರ ಬದಲು ಹಳೆ ಸೀರೆಯ ಪಟ್ಟಿ ಕಟ್ಟಿದ್ದರು.

"ಬ್ಯಾಂಡೇಜ್ ಯಾರು ಬಿಚ್ಚಿದ್ದು ದೊಡ್ಡವ್ವ?"

"ಕಡಿತ ಕಣಮ್ಮಿ, ತಡೆಯಕ್ಕಾಗ್ನಿಲ್ಲ. ಗಾಳಿ ಆಡ್ಲಿ ಅಂತ ನಾನೇ ಬಿಚ್ದೆ. ಮೆತ್ತಗಿರ್ಲಿ ಅಂತ ಅಟ್ಟದ ಮ್ಯಾಲಿಂದ ಸೀರೆ ತೆಗಿಸ್ದೆ."

ಅಟ್ಟದ ಮೇಲಿನ ಆ ಸೀರೆ ಗಂಟಿನ ಮೇಲೆಯೇ ಬೆಳ್ಳಿ ಹೋದ ವರ್ಷ ಮರಿ ಹಾಕಿದ್ದು. ಶ್ವೇತ ಅದನ್ನು ನೆನಪಿಸಿಕೊಂಡು ಬಾಯಿಗೆ ಸೆರಗು ಹಿಡಿದಳು.

ಪಟ್ಟಿ ಬಿಚ್ಚಿದೆ. ಮಂಡಿಯ ಸುತ್ತ ಕೆಂಪಗೆ ಊದಿತ್ತು. ಕೆಳಗಿನ ಹೊಲಿಗೆಯ ಮೂಲೆ ಬಿಟ್ಟುಕೊಂಡು ಕೀವು ಜಿನುಗುತ್ತಿತ್ತು. ಅದರ ಸುತ್ತ ಚರ್ಮ ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ಯಾವುದೋ ಮುಲಾಮು ಎಂದುಕೊಂಡೆ. ಹತ್ತಿರ ಬಗ್ಗಿದರೆ ಮನೆ ಬೆಣ್ಣೆಯ ವಾಸನೆ.

"ಬೆಣ್ಣೆ ಹಚ್ಚಿದ್ದೀರಾ?"

ದಿಂಬಿನ ಪಕ್ಕ ಒಂದು ಬಟ್ಟಲಿತ್ತು. ಅದರಲ್ಲಿ ಬೆರಳಲ್ಲಿ ಬಳಿದ ಗುರುತು ಎದ್ದು ಕಾಣುತ್ತಿತ್ತು. ನಮ್ಮ ಕಡೆ ಹಾಲು ಕರೆಯುವ ಮನೆಗಳಲ್ಲಿ ಬೆಣ್ಣೆ ಯಾವುದಕ್ಕೆ ಹಚ್ಚುವುದಿಲ್ಲ ಹೇಳಿ. ಸುಟ್ಟರೆ ಬೆಣ್ಣೆ, ತುಟಿ ಒಡೆದರೆ ಬೆಣ್ಣೆ, ಹಸುವಿನ ಕೆಚ್ಚಲು ಬಿರಿದರೂ ಬೆಣ್ಣೆ. ಹೊಲಿಗೆ ಕಡಿದರೆ ಮಾತ್ರ ಬಿಡುತ್ತಾರೆಯೇ?

ನಾನು ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಬೆಳ್ಳಿ ಮಂಚದ ಕೆಳಗಿನಿಂದ ಮೇಲಕ್ಕೆ ಹಾರಿತು. ಯಾರನ್ನೂ ನೋಡಲಿಲ್ಲ. ನೇರ ಮಂಡಿಯ ಹತ್ತಿರ ಹೋಗಿ, ಆ ಬಿಟ್ಟುಕೊಂಡ ಹೊಲಿಗೆಗೇ ನಾಲಿಗೆ ಹಾಕಿತು. ದಿನಾ ಉಣ್ಣುವ ತಟ್ಟೆಗೆ ಬಂದ ಹಾಗೆ ಬಂದಿತ್ತು. ದೊಡ್ಡವ್ವ ನೋವಿನಿಂದ ಚೀರಿದರು. ನಾನು ಬೆಕ್ಕನ್ನು ಎತ್ತಿ ಆಚೆ ಬಿಟ್ಟು ಬಾಗಿಲು ಹಾಕಿದೆ. ಮತ್ತೆ ಸೋಪು ಹಾಕಿ ಕೈ ತೊಳೆದುಕೊಂಡೆ.

"ನೆಕ್ಕುದ್ರೆ ಏನಾಗ್ಬುಟ್ಟದು?" ಎಂದರು ದೊಡ್ಡಪ್ಪ. ಆದರೆ ಅವರ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ನಾಯಿ ಬೆಕ್ಕು ತಮ್ ಗಾಯ ತಾವೇ ನೆಕ್ಕಿ ವಾಸಿ ಮಾಡ್ಕಳಾಕಿಲ್ವ? ಉಟ್ದಾಗ್ಲಿಂದ ದನ, ಬೆಕ್ಕು ಎಲ್ಲಾ ಕೂಡೇ ಬಾಳ್ದೋರಲ್ವಾ ನಾವು?"

"ಚರ್ಮ ಒಡೀದೆ ಇದ್ದಾಗ ಬಾಳ್ದೋರು ದೊಡ್ಡಪ್ಪ. ಚರ್ಮ ಅಂದ್ರೆ ಮನೆ ಗೋಡೆ ಇದ್ದಂಗೆ. ಈಗ ಗೋಡೆ ಒಡೆದದೆ. ಬೆಕ್ಕಿನ ಬಾಯಲ್ಲಿ, ಉಗುರಲ್ಲಿ ಇರೋ ಕ್ರಿಮಿ ಬೆಕ್ಕಿಗೆ ಏನೂ ಮಾಡಾಕಿಲ್ಲ, ಇವರ ರಕ್ತಕ್ಕೆ ಸೇರುದ್ರೆ ಸುಮ್ನಿರಾಕಿಲ್ಲ. ಇವರಿಗೆ ಶುಗರ್ ಬೇರೆ ಅದೆ."

ಹೊಸ ಹತ್ತಿಬಟ್ಟೆ ಮುಚ್ಚಿ, ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಕೀವು, ಜ್ವರ ಎಂದ ಕೂಡಲೇ ಆ ಕಡೆಯಿಂದ, ಏನೂ ಹಚ್ಚಬೇಡಿ, ಈಗಲೇ ಕರೆದುಕೊಂಡು ಬನ್ನಿ ಎಂದರು.

"ನಾಳೆ ಒತ್ತಾರೆ ಓಗದು" ಎಂದರು ದೊಡ್ಡಪ್ಪ. "ಇವತ್ತು ಅಮಾಸೆ."

ನನಗೆ ತಡೆಯಲಾಗಲಿಲ್ಲ. "ಕೀವಿಗೆ ಅಮಾಸೆ ಉಣ್ಣಿಮೆ ಗೊತ್ತಾಯ್ತದಾ ದೊಡ್ಡಪ್ಪ? ನಾಳೆ ಒಳಗೆ ಅದು ಮಂಡಿ ಒಳಕ್ಕೆ ಇಳುದ್ರೆ, ದೊಡ್ಡವ್ವ ಇನ್ನೊಂದ್ಸಲ ಎದ್ದು ನಡೆಯೋದು ನಿಮಗೆ ಬೇಕಾ ಬ್ಯಾಡ್ವಾ?"

ಹಿರಿಯರಿಗೆ ಹಾಗೆ ಎದುರುತ್ತರ ಕೊಟ್ಟವಳಲ್ಲ ನಾನು. ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕಾರು ಇಟ್ಟಿರುವ ನಿಂಗರಾಜುವನ್ನು ಕರೆಯಲು ಬೀದಿಗೆ ಓಡಿದರು.

ಹಿಂದಿನ ಸೀಟಿನಲ್ಲಿ ದೊಡ್ಡವ್ವ ಕಾಲು ಚಾಚಿ ನನಗೆ ಒರಗಿದ್ದರು. ನಿಂಗರಾಜು ಹಾರನ್ ಹೊಡೆಯುತ್ತಾ ಬಿಟ್ಟ. ಗುಂಡಿ ಬಂದಾಗೆಲ್ಲ ದೊಡ್ಡವ್ವ "ಅವ್ವಾ" ಎನ್ನುತ್ತಿದ್ದರು. ಚಿನಕುರಳಿ ದಾಟಿದ ಮೇಲೆ ನನ್ನ ಕೈ ಹಿಡಿದು, ಮುಂದೆ ಕೂತಿದ್ದ ಗಂಡನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

"ಡಾಕ್ಟ್ರಿಗೆ ಬೆಕ್ಕಿನ್ ವಿಸ್ಯ ಏಳ್ಬ್ಯಾಡ ಕಣಮ್ಮಿ."

"ಯಾಕೆ ದೊಡ್ಡವ್ವ?"

"ಡಾಕ್ಟ್ರು ಬೋದ್ರೆ ಇವ್ರು ಅದ್ನ ಚೀಲಕ್ಕಾಕಿ ನಾಲೆ ಆಚೆ ಬುಟ್ಬತ್ತಾರೆ. ಎರಡು ವರ್ಸ ನನ್ ಜತೆ ಕೂತಿದ್ದು ಅದೊಂದೇ ಕಣವ್ವ. ನೀವೆಲ್ಲಾ ಬತ್ತಿದ್ರಿ, ಓಗ್ತಿದ್ರಿ."

ಆ ಮಾತು ನನಗೆ ಚುರುಕ್ಕೆಂದಿತು. ನಿಜವೇ, ನಾವೆಲ್ಲ ಬರುತ್ತಿದ್ದೆವು, ಹೋಗುತ್ತಿದ್ದೆವು. ಬಾಬುರಾಯನಕೊಪ್ಪಲಿನ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತವು. ಆ ಹತ್ತು ನಿಮಿಷ ನನಗೆ ಹತ್ತು ಗಂಟೆಯಾಯಿತು. ದೊಡ್ಡವ್ವನ ಮೈಯ ಬಿಸಿ ನನ್ನ ಸೀರೆ ದಾಟಿ ತಾಕುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಪಿತ ಗಾಯ ನೋಡಿದರು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಅದರಿಂದಲೇ ನನಗೆ ಇನ್ನಷ್ಟು ಭಯವಾಯಿತು.

"ಬ್ಯಾಂಡೇಜ್ ಬಿಚ್ಚಿದ್ದೀರಿ. ಏನಾದರೂ ಹಚ್ಚಿದ್ರಾ? ಮನೇಲಿ ನಾಯಿ, ಬೆಕ್ಕು ಏನಾದ್ರೂ ಇದೆಯಾ?"

"ಬದ್ನೆಕಾಯಿ ತಿಂದವ್ಳೆ ಮೇಡಮ್ಮೋರೆ" ಎಂದರು ದೊಡ್ಡಪ್ಪ.

ನಾನು ದೊಡ್ಡವ್ವನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಇವರು ಹೇಳದಿದ್ದರೆ ನಾನೇ ಹೇಳುವುದು ಎಂದು ಗಟ್ಟಿ ಮಾಡಿಕೊಂಡು ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಅಂದರು.

"ಬೆಕ್ಕದೆ ಕಣವ್ವ. ಗಾಯಕ್ಕೆ ಬೆಣ್ಣೆ ಅಚ್ಚಿದ್ದೆ. ಮಧ್ಯಾನ ನಾನು ಒರಗಿದ್ದಾಗ ಬಂದು ನೆಕ್ಕದು. ಮೊದ್ಲು ತಂಪಾಯ್ತದೆ ಅಂತ ಸುಮ್ಕಿದ್ದೆ. ಮೂರು ದಿಸದಿಂದ ಉರಿ. ಅದ್ರದೇನೂ ತಪ್ಪಿಲ್ಲ, ಅದ್ನ ಎಲ್ಲೂ ಬುಡಬ್ಯಾಡಿ ಅಂತ ಇವರಿಗೆ ಏಳಿ."

ಡಾಕ್ಟರ್ ಬೈಯಲಿಲ್ಲ. ಅವರ ಕೈ ಹಿಡಿದು ಹೇಳಿದರು. "ಹೇಳಿದ್ದು ಒಳ್ಳೇದಾಯ್ತು ಅಮ್ಮ. ಯಾವ ಕ್ರಿಮಿ ಇರಬಹುದು ಅಂತ ನಮಗೆ ಅಂದಾಜು ಸಿಕ್ತು, ಅದಕ್ಕೆ ಹೊಂದೋ ಔಷಧಿ, ರೇಬೀಸ್ ಸೂಜಿ ಎರಡೂ ಈಗಲೇ ಶುರು ಮಾಡ್ತೀವಿ. ಬೆಕ್ಕನ್ನ ಯಾರೂ ಬಿಡಬೇಕಾಗಿಲ್ಲ. ಗಾಯ ಪೂರ್ತಿ ಮಾಯೋವರೆಗೂ ದೂರ ಇಟ್ಟರೆ ಸಾಕು."

ಆಮೇಲೆ ನಮ್ಮನ್ನು ಆಚೆ ಕರೆದು ಮಿಕ್ಕಿದ್ದನ್ನು ಹೇಳಿದರು. "ಕ್ರಿಮಿ ಚರ್ಮದ ಮಟ್ಟದಲ್ಲೇ ಇದ್ದರೆ ತೊಳೆದು, ಔಷಧಿ ಕೊಟ್ಟು ವಾಸಿ ಮಾಡಬಹುದು. ಒಳಗಿನ ಲೋಹಕ್ಕೆ ಅಂಟಿಕೊಂಡಿದ್ದರೆ ಮತ್ತೆ ಆಪರೇಷನ್ ಮಾಡಿ ಒಳಗೆ ತೊಳೆಯಬೇಕು. ಒಮ್ಮೊಮ್ಮೆ ಹೊಸ ಮಂಡಿಯನ್ನೇ ತೆಗೆಯಬೇಕಾಗುತ್ತೆ. ಒಳಗಿನ ನೀರು ಸೂಜಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಪೂರ್ತಿ ಗೊತ್ತಾಗೋಕೆ ಮೂರು ದಿನ."

ಆ ಮೂರು ದಿನವನ್ನು ನನ್ನ ಶತ್ರುವಿಗೂ ಕೊಡಬೇಡ ದೇವರೇ. ಒಂದು ದಿನ ಶ್ವೇತ, ಒಂದು ದಿನ ಕುಮಾರ್ ಜೊತೆಗಿದ್ದರು. ದೊಡ್ಡಪ್ಪ ಮಾತ್ರ ಊರಿಗೆ ಬರಲೇ ಇಲ್ಲ. ಎರಡನೆಯ ದಿನ ನಾನು ಹೋದಾಗ ವಾರ್ಡಿನ ಆಚೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು.

"ಊಟ ಆಯ್ತಾ ದೊಡ್ಡಪ್ಪ?"

"ಬೆಣ್ಣೆ ತಂದ್ಕೊಟ್ಟೋನು ನಾನೇ ಕಣವ್ವ" ಎಂದರು. "ಕಡೀತದೆ ಕಡೀತದೆ ಅಂತಿದ್ಲು. ನೋಡಕ್ಕಾಗ್ನಿಲ್ಲ. ನಾನೇ ಗಡಿಗೆಯಿಂದ ತೆಗ್ದು ಕೈಯಾರ ತಂದ್ಕೊಟ್ಟೆ."

ಎಪ್ಪತ್ತರ ಹತ್ತಿರದ ಗಂಡಸು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕೂತೆ. "ನಾನು ಬೆಕ್ಕು ನೋಡೂ ನೋಡ್ದಂಗೆ ಕಾಫಿ ಕುಡ್ಕಂಡು ಎದ್ದು ಬಂದೆ ದೊಡ್ಡಪ್ಪ. ಓದಿರೋಳು ನಾನು. ನಿಮಗಿಂತ ನಂದೇ ತಪ್ಪು ಜಾಸ್ತಿ" ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಶ್ವೇತಳ ಫೋನು ಬಂತು. ಎತ್ತಲು ಧೈರ್ಯವಾಗಲಿಲ್ಲ. ಎರಡನೆಯ ಸಲ ಬಡಿದುಕೊಂಡಾಗ ಎತ್ತಿದೆ.

"ಅಕ್ಕಾ, ಒಳಕ್ಕೆ ಓಗಿಲ್ವಂತೆ! ಮಂಡಿಗೆ ಏನೂ ಆಗಿಲ್ವಂತೆ! ಮೇಲೆ ಮಾತ್ರ ಇತ್ತಂತೆ. ಇನ್ನೊಂದು ದಿನ ತಡ ಮಾಡಿದ್ರೆ ಏನೂ ಏಳಕ್ಕಾಗ್ತಿರ್ನಿಲ್ಲ ಅಂದ್ರು."

ಬೀದಿಯಲ್ಲೇ ಕುಕ್ಕರಿಸಿ ಕೂತುಬಿಟ್ಟೆ. ಅಷ್ಟು ಸಂತೋಷ, ಅಷ್ಟು ನಿತ್ರಾಣ ಒಟ್ಟಿಗೆ ಎಂದೂ ಆಗಿರಲಿಲ್ಲ.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ದೊಡ್ಡವ್ವ ಮನೆಗೆ ಬಂದರು. ಅಷ್ಟರೊಳಗೆ ದೊಡ್ಡಪ್ಪ ಮನೆಯ ವ್ಯವಸ್ಥೆಯನ್ನೇ ಬದಲಾಯಿಸಿದ್ದರು. ಮಂಚ ನಡುಮನೆಯಿಂದ, ಬಾಗಿಲು ಮುಚ್ಚಿಡಬಹುದಾದ ಕೋಣೆಗೆ ಹೋಗಿತ್ತು. ಕಿಟಕಿಗೆ ಜಾಲರಿ ಬಡಿಸಿದ್ದರು. ಹಾಸಿಗೆ ಹೊದಿಕೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದ್ದರು. ಅಟ್ಟದ ಸೀರೆ ಗಂಟು ಹಿತ್ತಿಲಿನ ಮೂಲೆಗೆ ಬಂದು ಬೆಳ್ಳಿಯ ಹಾಸಿಗೆಯಾಗಿತ್ತು. ಬೆಳ್ಳಿಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಅದಕ್ಕೆ ಹಾಲು ಹಾಕುವ ಕೆಲಸ ದೊಡ್ಡಪ್ಪನದು. ಹಾಕಿ ಬಂದವರು ಸೋಪಿನಲ್ಲಿ ಕೈ ತೊಳೆಯದೆ ಕೋಣೆಯ ಹೊಸಿಲು ದಾಟುವ ಹಾಗಿಲ್ಲ. ಸೊಸೆಯೂ ಅಷ್ಟೇ, ಕೊಟ್ಟಿಗೆಯಿಂದ ಬಂದರೆ ಕೈಕಾಲು ತೊಳೆದು ಸೀರೆ ಬದಲಾಯಿಸಿಯೇ ಅತ್ತೆಯ ಹತ್ತಿರ ಹೋಗುವುದು. ಬ್ಯಾಂಡೇಜು ಬದಲಾಯಿಸಲು ಆರೋಗ್ಯ ಕೇಂದ್ರದ ನರ್ಸು ಬರುತ್ತಿದ್ದರು. ಬೇರೆ ಯಾರ ಕೈಯೂ ಅದನ್ನು ಮುಟ್ಟಲಿಲ್ಲ. ಬೆಳ್ಳಿಗೆ ಪಶು ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದೂ ಆಯಿತು. ಚುಚ್ಚುವಾಗ ದೊಡ್ಡಪ್ಪನ ಕೈ ಪರಚಿತು. ಅವರು ಹಳೆಯ ತಮ್ಮಯ್ಯನಾಗಿದ್ದರೆ ಅರಿಶಿನ ಮೆತ್ತಿಕೊಂಡು ಸುಮ್ಮನಿರುತ್ತಿದ್ದರು. ಈಗ ಕಾಲು ಗಂಟೆ ಸೋಪುನೀರಿನಲ್ಲಿ ತೊಳೆದು, ಆರೋಗ್ಯ ಕೇಂದ್ರಕ್ಕೆ ಹೋಗಿ ತಾವೂ ಸೂಜಿ ಹಾಕಿಸಿಕೊಂಡು ಬಂದರು.

ಬೆಳ್ಳಿ ಮೊದಮೊದಲು ಕೋಣೆಯ ಬಾಗಿಲ ಮುಂದೆ ಕೂತು ಕೂಗುತ್ತಿತ್ತು. ಒಳಗಿನಿಂದ ದೊಡ್ಡವ್ವ ಹೇಳುತ್ತಿದ್ದರು, "ಇರವ್ವ, ಇನ್ನೊಸಿ ದಿನ. ನಿನಗೋಸ್ಕರನೇ ಕಾಲು ಉಳ್ಸ್ಕತಾವ್ನಿ."

ಮೂರು ತಿಂಗಳಾದ ಮೇಲೆ, ಗಾಯ ಪೂರ್ತಿ ಒಣಗಿದೆ ಎಂದು ಡಾಕ್ಟರೇ ಹೇಳಿದ ಮೇಲೆ, ದೊಡ್ಡವ್ವ ಒಂದು ಬೆಳಿಗ್ಗೆ ಕೋಲು ಹಿಡಿದು ಡೈರಿಗೆ ಬಂದರು. ಕ್ಯಾನು ಶ್ವೇತಳ ಕೈಯಲ್ಲಿತ್ತು. ನಾಲ್ಕು ಮಾರು ಹಿಂದೆ ಬೆಳ್ಳಿ. ಸಾಲಿನಲ್ಲಿದ್ದ ಹೆಂಗಸರೆಲ್ಲ ದಾರಿ ಬಿಟ್ಟರು. "ನನ್ಗೇನು ದಾರಿ ಬುಡ್ತೀರಿ, ಸಾಲಲ್ಲೇ ನಿಲ್ತೀನಿ. ಎರಡು ವರ್ಸದ ಮಾತು ಬಾಕಿ ಅದೆ" ಎಂದರು ದೊಡ್ಡವ್ವ.

ಅವತ್ತೇ ಗೊತ್ತಾಯಿತು, ನಮ್ಮ ಕಾರಿನ ನಿಂಗರಾಜು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬಂದಿದ್ದಾನೆ ಎಂದು. ಹಾಲು ಹಾಕಿದ ಮೇಲೆ ದೊಡ್ಡವ್ವ, ನಾನು ಇಬ್ಬರೂ ಅವನ ಮನೆಗೆ ಹೋದೆವು. ಪುಣ್ಯಾತ್ಮ ಎಲ್ಲ ಕಣ್ಣಾರೆ ಕಂಡವನು, ಮೈಸೂರಿಗೆ ಕಾರು ಬಿಟ್ಟವನೇ ಅವನು. ಆದರೂ ಹೊಟ್ಟೆಯ ಪಕ್ಕದಲ್ಲೇ ಅವನ ಕಂದು ನಾಯಿ ಮುದುರಿ ಮಲಗಿತ್ತು. ಕೇಳಿದರೆ, "ಅದು ಬೆಕ್ಕಲ್ವಾ ಅಕ್ಕ, ಇದು ನಾಯಿ" ಅಂದ.

ಅವನ ಹೆಂಡತಿ ಕಾಫಿ ತಂದಳು. ಬಿಸಿ ಕಾಫಿ, ನೊರೆ ಉಕ್ಕಿ ಬಂದಿತ್ತು. ದೊಡ್ಡವ್ವ ಲೋಟ ಈಸಿಕೊಂಡು ಕುಡಿಯದೆ ನೆಲದ ಮೇಲೆ ಇಟ್ಟರು. ನನ್ನ ಲೋಟವನ್ನೂ ಕಿತ್ತುಕೊಂಡು ಅದರ ಪಕ್ಕ ಇಟ್ಟರು.

"ಲೇ ನಿಂಗರಾಜು, ಮೊದ್ಲು ಆ ನಾಯ್ನ ಆಚೆ ಕಟ್ಸು. ಆಸ್ಗೆ ಬದ್ಲಾಯ್ಸು. ಆಮೇಲೆ ಕಾಫಿ ಕುಡೀತೀನಿ. ಅಲ್ಲೀಗಂಟ ಇಲ್ಲಿಂದ ಏಳಾಕಿಲ್ಲ, ಈ ಮಂಡಿ ಆಣೆ."

ಎರಡೂ ಲೋಟ ಆರಿ ಕೆನೆ ಕಟ್ಟಿತು. ನಿಂಗರಾಜು ಕೊನೆಗೆ ನಾಯಿಯನ್ನು ಹೊಂಗೆ ಮರಕ್ಕೆ ಕಟ್ಟಿಸಿದ. ಆರಿದ ಕಾಫಿಯನ್ನು ದೊಡ್ಡವ್ವ ಒಂದೇ ಗುಟುಕಿಗೆ ಕುಡಿದರು. ನಾನೂ ಕುಡಿದೆ. ಮೊದಲಿನ ಆ ಕಾಫಿಯ ಕಹಿ ಅವತ್ತು ಸ್ವಲ್ಪ ಇಳಿಯಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದರೂ ಆಪರೇಷನ್ ಇದ್ದರೆ, ಮನೆಯಲ್ಲಿ ನಾಯಿ ಬೆಕ್ಕು ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಹೊಲಿಗೆ ಮಾಯುವ ತನಕ ಅವು ಹಾಸಿಗೆಯ ಹತ್ತಿರ ಬರುವುದು ಬೇಡ, ನೆಕ್ಕುವುದಂತೂ ಬೇಡವೇ ಬೇಡ. ಗಾಯಕ್ಕೆ ಬೆಣ್ಣೆ, ಅರಿಶಿನ, ಹಳೆಬಟ್ಟೆ ಯಾವುದೂ ಬೇಡ. ಜ್ವರ, ಕೆಂಪು, ಕೀವು, ಹೆಚ್ಚುವ ನೋವು ಕಂಡರೆ ಅಮಾವಾಸ್ಯೆ ನೋಡಬೇಡಿ, ಆಸ್ಪತ್ರೆಗೆ ಹೊರಡಿ. ಸಾಕಿದ ಪ್ರಾಣಿಯನ್ನು ಬೀದಿಗೂ ಬಿಡಬೇಡಿ. ಅದಕ್ಕೂ ಹೊತ್ತಿಗೆ ಊಟ, ಚುಚ್ಚುಮದ್ದು ಕೊಟ್ಟು ಕೆಲವು ದಿನ ದೂರ ಇಡಿ, ಅಷ್ಟೇ.

ಆಪರೇಷನ್ ಆದವರನ್ನು ನೋಡಲು ಹೋದಾಗ, ಲೋಟ ಬಾಯಿಗಿಡುವ ಮುಂಚೆ ಒಂದು ಸಲ ಮಂಚದ ಮೇಲೆ ಕಣ್ಣು ಹಾಯಿಸಿ. ಕಾಫಿ ಆರಿದರೆ ಮತ್ತೆ ಕಾಯಿಸಿಕೊಡುತ್ತಾರೆ.